ಸರ್ ಬರೆದ ಮುಖಗಳು

ನರೋಣಾದ ನಮ್ಮ ಶಾಲೆಯಲ್ಲಿ ಮೊನ್ನೆ ಮಕ್ಕಳು ಚಾರ್ಟಿಗೆ ಚಿತ್ರ ಅಂಟಿಸುತ್ತಿದ್ದರು. ಗೋಂದಿನ ಹುಳಿ ವಾಸನೆ ಬಂದದ್ದೇ ಸರ್ ನೆನಪಾದರು. ತಮ್ಮ ಅಂಕಣವನ್ನು ಪತ್ರಿಕೆಯಿಂದ ಕತ್ತರಿಸಿ ಉದ್ದನೆಯ ನೋಟ್‌ಬುಕ್ಕಿಗೆ ಅಂಟಿಸುವುದು ಅವರ ರವಿವಾರದ ಕೆಲಸವಾಗಿತ್ತು…

ಆಳಂದದಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಸರಸಂಬಾದ ನಮ್ಮ ಮನೆಯಲ್ಲಿ ಎಲ್ಲರದೂ ದಖನಿ ಉರ್ದು. ತರಗತಿಯಲ್ಲಿ ಮೊದಲ ಸಲ ವಚನ ಓದಲು ನಾನು ತಡವರಿಸಿದಾಗ ಹಿಂದಿನ ಬೆಂಚಿನವರು ನಕ್ಕರು. ಸರ್ ನಗಲಿಲ್ಲ. "ಓದವ್ವ, ನಿನ್ನ ಬಾಯಾಗ ಚಂದ ಕೇಳ್ತದ," ಅಂದರು. ನಾನು ಕನ್ನಡ ಟೀಚರಾದದ್ದು ಆ ಮಾತಿನಿಂದ.

ನಿವೃತ್ತರಾದ ಮೇಲೆ ಅವರು ಜಿಲ್ಲೆಯ ಒಂದು ಪತ್ರಿಕೆಗೆ ರಾಜಕೀಯ ಅಂಕಣ ಬರೆದರು, ಮೊಬೈಲಿನಲ್ಲಿ ವಿಡಿಯೊ ಮಾಡತೊಡಗಿದರು. ಯಾವ ಪಕ್ಷದವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಚುನಾವಣೆಗೆ ಮುಂಚೆ ಒಂದು ವಿಡಿಯೊದಲ್ಲಿ ಮತದಾರರ ಪಟ್ಟಿಯ ಬಗ್ಗೆ ಮಾತಾಡುತ್ತ, ಜೇವರ್ಗಿಗೆ ದುಡಿಯಲು ಬಂದ ಈಶಾನ್ಯ ರಾಜ್ಯಗಳವರನ್ನು ಎಳೆತಂದರು. "ಆ ಸಣ್ಣ ಕಣ್ಣು, ಚಪ್ಪಟಿ ಮೂಗು ನೋಡ್ರಿ. ಇವರು ನಮ್ಮ ದೇಶದವರಂದ್ರ ನಂಬ್ತೀರೇನು?"

ಆ ತುಣುಕು ಎಲ್ಲರ ಮೊಬೈಲಿಗೂ ಹೋಯಿತು. ಜೇವರ್ಗಿಯ ಆಸ್ಪತ್ರೆಯೊಂದರ ನರ್ಸ್, ಮಣಿಪುರದವಳು, ಪತ್ರಿಕೆಗೆ ದೂರು ಬರೆದಳು. ಸಂಪಾದಕರು ನನ್ನನ್ನು ಕರೆಸಿ, ಇದು ಜನಾಂಗ ನಿಂದನೆಯೋ ಬಾಯಿತಪ್ಪೋ ಎಂದು ಅಂಕಣ, ವಿಡಿಯೊ ಎಲ್ಲ ನೋಡಿ ವರದಿ ಬರೆದುಕೊಡಿ ಅಂದರು. "ನೀವು ಕನ್ನಡ ಟೀಚರು, ಅವರ ಶಿಷ್ಯೆ. ಅವರಿಗೂ ಅನ್ಯಾಯ ಆಗಂಗಿಲ್ರಿ." ಸರ್ ಅವರನ್ನು ಉಳಿಸಬಹುದೆಂದೇ ಒಪ್ಪಿಕೊಂಡೆ.

ಮೊದಲು ನರ್ಸನ್ನು ಕಂಡೆ. ರೋಗಿಗಳಿಂದಲೇ ಕಲಿತ ಕನ್ನಡ ಅವಳದು. "ನಾಲ್ಕು ವರ್ಷ ಆತ್ರಿ ಇಲ್ಲಿ. ಒಬ್ಬ ಅಜ್ಜಿ ದಿನಾ ನನಗ ಮಗಳೇ ಅಂತಿದ್ಳು. ಈಗ ನನ್ನ ಕೈಲೆ ಸೂಜಿ ಬ್ಯಾಡ ಅಂತಾಳ್ರಿ." ಅವಳು ಅಳಲಿಲ್ಲ.

ಅಂಕಣ ಅಂಟಿಸಿದ ನೋಟ್‌ಬುಕ್ಕುಗಳನ್ನು ಸರ್ ತಾವೇ ಕೊಟ್ಟರು, ಸಂಕೋಚವಿಲ್ಲದೆ. ಇಡೀ ವಿಡಿಯೊ ನೋಡಿದೆ. ಪಟ್ಟಿಯ ದೋಷಗಳ ಬಗ್ಗೆ ಅವರು ಹೇಳಿದ್ದು ಸರಿಯಿತ್ತು, ತುಣುಕು ಮಾಡಿದವರು ಅದನ್ನು ಕೈಬಿಟ್ಟಿದ್ದರು. ಆದರೂ ಆ ಮಾತು ಆ ಮಾತೇ. ಆಮೇಲೆ ಅಂಕಣಗಳನ್ನು ಓದಿದೆ. ಅಫಜಲಪುರದ ಕೆಟ್ಟ ರಸ್ತೆ, ಕರಜಗಿ ಕಡೆಯ ಕಾಲುವೆ… ಎಷ್ಟು ಧೈರ್ಯದ ಬರಹ. ಆದರೆ ನಮ್ಮ ಕಡೆಯವನು ತಪ್ಪು ಮಾಡಿದರೆ ಸರ್ ಅವನ ಕೆಲಸವನ್ನು ಬರೆಯುತ್ತಿದ್ದರು. ದೂರದವರ ಮಾತು ಬಂದರೆ ಅವರ ಮುಖವನ್ನು ಬರೆಯುತ್ತಿದ್ದರು, ಅವರ ಊಟದ ವಾಸನೆಯನ್ನು ಬರೆಯುತ್ತಿದ್ದರು. ಒಂದು ಕಡೆಯಲ್ಲ, ಏಳು ಕಡೆ. ಏಳನೆಯದಕ್ಕೆ ಗುರುತು ಹಾಕುವಾಗ ನನಗೆ ಏನೂ ಅನಿಸಲಿಲ್ಲ, ಕೈ ಮಾತ್ರ ಕೆಲಸ ಮಾಡಿತು.

ವರದಿಯನ್ನು ಸಂಪಾದಕರಿಗೆ ಕೊಡುವ ಮೊದಲು ಸರ್ ಅವರಿಗೇ ತೋರಿಸಿದೆ. ಆರೋಪ ನಿಜ ಎಂದು ಬರೆದಿದ್ದೆ. ಅವರು ನಿಧಾನವಾಗಿ ಓದಿ ಕನ್ನಡಕ ತೆಗೆದರು.

"ನಿನಗ ನಾ ಎಂದಾದ್ರೂ ಭೇದ ಮಾಡೇನೇನು?"

"ಇಲ್ರಿ ಸರ್. ನನಗ ಮಾಡಿಲ್ಲ."

"ಮತ್ತ?"

"ಆ ನರ್ಸಿಗೆ ಮಾಡೀರ್ರಿ."

ಸರ್ ಹಾಳೆಗಳನ್ನು ಮರಳಿಸಿ, "ಕಾಗುಣಿತದ ತಪ್ಪು ಒಂದೂ ಇಲ್ಲವ್ವ," ಅಂದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅಂಕಣ ನಿಂತಿತು. ಪತ್ರಿಕೆ ಮೂಲೆಯಲ್ಲಿ ವಿಷಾದದ ನಾಲ್ಕು ಸಾಲು ಛಾಪಿಸಿತು. ಅದನ್ನು ಒಯ್ದು ಕೊಡಲು ಜೇವರ್ಗಿಗೆ ಹೋದರೆ, ನರ್ಸ್ ಹಿಂದಿನ ವಾರವೇ ಕೆಲಸ ಬಿಟ್ಟು ಹೋಗಿದ್ದಳು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ನನಗೆ ಯಾರೂ ಹೇಳಿಕಳಿಸಲಿಲ್ಲ. ಅವರು ಹೋದ ಮೂರನೇ ದಿನ ಬಸ್ಸಿನಲ್ಲಿ ಯಾರೋ ಮಾತಾಡುವುದು ಕಿವಿಗೆ ಬಿತ್ತು… ನನ್ನ ಸ್ಟಾಪು ಬಂತು, ಇಳಿದೆ, ಶಾಲೆಗೆ ಹೋಗಿ ಪಾಠ ಮಾಡಿದೆ.

ಹೋದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, "ಟೀಚರ್, ನಿಮಗ ಇಷ್ಟು ಚಲೋ ಕನ್ನಡ ಯಾರು ಕಲಿಸ್ಯಾರ್ರಿ?"

"ಆಳಂದದಾಗ ಒಬ್ರು ಸರ್ ಇದ್ರು," ಅಂದೆ. ಅವಳು ಹೆಸರಿಗಾಗಿ ಕಾದಳು. ನನ್ನ ಬಾಯಿಗೆ ಅದು ಬರಲಿಲ್ಲ.