ಬಂಗಾರದೊಡ್ಡಿ ನಾಲೆಯ ಮೇಲೆ ಕೂಗಿದವಳು

ದೆವ್ವ, ಅಶರೀರವಾಣಿ ಎಂದರೆ ನಗುತ್ತಿದ್ದವಳು ನಾನು. ಓದಿದ್ದು ಕಾನ್ವೆಂಟಿನಲ್ಲಿ. ಕತ್ತಲಲ್ಲಿ ಹೆದರಿಕೆಯಾದರೆ ದೀಪ ಹಾಕಿಕೊ ಎಂದಷ್ಟೇ ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ಆದರೆ ಇದು ನಡೆದದ್ದು ಹಾಡಹಗಲಲ್ಲಿ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ.

ಶ್ರೀರಂಗಪಟ್ಟಣದ ಬಳಿ ಬಂಗಾರದೊಡ್ಡಿ ನಾಲೆ ಕಾವೇರಿಯನ್ನೇ ದಾಟಿ ಹೋಗುತ್ತದೆ. ಕೆಳಗೆ ಹೊಳೆ, ಮೇಲೆ ಅರಸರ ಕಾಲದ ಕಲ್ಲುಕಟ್ಟಡ, ಅದರ ನೆತ್ತಿಯಲ್ಲಿ ನಾಲೆ. ನಮ್ಮತ್ತೆಯ ತವರಿನ ಗದ್ದೆಗೆ ಅದರದೇ ನೀರು. ನಾಲೆಗೆ ಹೊಸ ನೀರು ಬಿಡುವ ಮುನ್ನಾದಿನ ಒಣಗಿದ ತಳದಲ್ಲಿ ರಂಗೋಲಿ ಹಾಕುವುದು ಅವರ ಮನೆಯ ಪದ್ಧತಿ. ನೀರು ಅದನ್ನು ತುಳಿದುಕೊಂಡೇ ಬರಬೇಕಂತೆ.

ಅಂದು ಮಂಗಳವಾರ. ಇವತ್ತೋ ನಾಳೆಯೋ ನೀರು ಎಂದು ಊರಿನಲ್ಲಿ ಮಾತಿತ್ತು. "ಮಂಗ್ಳಾರ ಯಾರಾರ ನೀರು ಬುಟ್ಟಾರಾ? ನಾಳೀಕೇಯ ಬುಡು," ಎಂದು ಅತ್ತೆ ನನ್ನ ಕೈ ಹಿಡಿದು ನಾಲೆಗೆ ಇಳಿದರು. ಮಂಡಿನೋವಿನ ಅವರನ್ನು ಮೆಲ್ಲಗೆ ಕೂರಿಸಿ, ರಂಗೋಲಿ ಡಬ್ಬಿ ಕೈಗಿತ್ತು ನಾನು ಮತ್ತೆ ಹತ್ತಿ ಪಕ್ಕದ ಗೋಡೆಯ ಮೇಲೆ ಕೂತೆ. ತಳದ ಬಿರುಕು ಮಣ್ಣಿನಲ್ಲಿ ಬಸವನಹುಳುವಿನ ಚಿಪ್ಪುಗಳು, ಯಾವುದೋ ಮಗುವಿನ ಒಂದು ಕೆಂಪು ಬಳೆ.

ತಲೆಯೆತ್ತಿದಾಗ ಕಲ್ಲುಕಟ್ಟಡದ ಆಚೆ ತುದಿಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಸೀರೆ, ಮೊಣಕಾಲಿನವರೆಗೂ ಒದ್ದೆ. ಹೊಳೆಯಿಂದ ಹತ್ತಿ ಬಂದಳೇನೋ ಅಂದುಕೊಳ್ಳುವಷ್ಟರಲ್ಲಿ ಕೂಗಿದಳು: "ಏ ಮುದ್ಕಿ, ಏಳು ಮ್ಯಾಕೆ! ನೀರು ಬತ್ತಾ ಅದೆ!"

ನಾನು ಯೋಚಿಸಲಿಲ್ಲ. ಧುಮುಕಿ ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತಿದೆ. "ಇನ್ನೊಂದೆಳೆ ಅದೆ, ತಡಿಯೇ," ಎಂದರೂ ಬಿಡದೆ ಗೋಡೆಯ ಮೇಲಕ್ಕೆ ನೂಕಿ ನಾನೂ ಹತ್ತಿದೆ. ಉಸಿರು ಬಿಡುವ ಮೊದಲೇ ನೀರು ಬಂತು. ಮುಂದೆ ಕಸಕಡ್ಡಿಯ ನೊರೆ, ಹಿಂದೆಯೇ ಸೊಂಟದಷ್ಟು ಕೆಂಪು ನೀರು. ರಂಗೋಲಿ, ಡಬ್ಬಿ ಎಲ್ಲ ಹೋಯಿತು.

ನಾಲೆಯ ನೀರು ನೋಡಿಕೊಳ್ಳುವ ನೀರುಗಂಟಿ ಆಚೆ ತುದಿಯಿಂದಲೇ ಓಡಿ ಬಂದ. ದೂರದಿಂದ ನಮ್ಮನ್ನು ಕಂಡು ಅವನಿಗೆ ಸ್ವರವೇ ಹೊರಡಲಿಲ್ಲವಂತೆ. "ಬದುಕ್ಕಂಡ್ರಲ್ಲ ತಾಯಿ, ಸದ್ಯ!" ಎಂದು ಕುಸಿದು ಕೂತ. ಹಸಿರು ಸೀರೆಯವಳು ಎಲ್ಲಿ ಎಂದು ಕೇಳಿದೆ.

"ಯಾರೂ ಇಲ್ಲ ಕಣಮ್ಮ. ಇರಾದು ಒಂದೇ ದಾರಿ, ನಾ ಅದ್ರಲ್ಲೇ ಬಂದೆ. ಇದ್ದದ್ದು ನೀವಿಬ್ರೇಯ."

ಅತ್ತೆ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. "ಯಾವ ಸೀರೆಯವ್ಳೇ? ಕೂಗ್ದೋಳು ನೀನಲ್ವಾ? ನಿನ್ ಗಂಟ್ಲು ನಂಗೆ ಗೊತ್ತಾಗಕಿಲ್ವಾ? ಅತ್ತೇನ ಮುದ್ಕಿ ಅಂತೀಯಲ್ಲ, ಮರ್ವಾದೆ ಬ್ಯಾಡ್ವಾ?"

ಮದುವೆಯಾದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು. "ಮ್ಯಾಕೆ" ಎನ್ನಲು ಈಗಲೂ ನನಗೆ ನಾಲಗೆ ಹೊರಳುವುದಿಲ್ಲ. ಬಾಯಿ ತೆರೆದ ನೆನಪೂ ಇಲ್ಲ. ನಾನೇ ಕೂಗಿದ್ದರೆ ಆ ಹೆಂಗಸು ಯಾರು? ಅವಳು ಕೂಗಿದ್ದರೆ ಅತ್ತೆಗೆ ನನ್ನ ದನಿ ಕೇಳಿಸಿದ್ದು ಹೇಗೆ? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಪಾಂಡವಪುರದ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಬೈದರು. ಹಿಂದಿನ ಸೀಟಿನವರು ನಕ್ಕರು. ಅತ್ತೆಯ ಬೆರಳಿಗೆ ರಂಗೋಲಿ ಪುಡಿ ಇನ್ನೂ ಮೆತ್ತಿಕೊಂಡಿತ್ತು. ಆ ಬೆಚ್ಚನೆಯ ಕೈಯನ್ನು ಮಡಿಲಲ್ಲಿಟ್ಟು ಹಿಡಿದುಕೊಂಡು, ಬೈಯಲಿ, ಇನ್ನಷ್ಟು ಬೈಯಲಿ ಎಂದುಕೊಳ್ಳುತ್ತಾ ಕೂತಿದ್ದೆ.