ಅವಳಿಲ್ಲದೆಯೂ ನಡೆಯುವ ಶಾಲೆ

ತಪಾಸಣೆಯ ಹಿಂದಿನ ದಿನ ಶಾಲೆಯ ಕಿಟಕಿಗಳನ್ನು ನಾನೇ ಒರೆಸಿದ್ದೆ. ಕಸ ಗುಡಿಸುವ ಹೆಂಗಸು ಒಮ್ಮೆ ಒರೆಸಿಯೇ ಹೋಗಿದ್ದಳು, ಆದರೆ ನನಗೆ ಸಮಾಧಾನವಿರಲಿಲ್ಲ. ಐವತ್ತರ ದಶಕದ ಕೊನೆಯ ವರ್ಷಗಳು ಅವು. ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವುದರಿಂದ ಹಿಡಿದು ಗಂಟೆ, ಪ್ರಾರ್ಥನೆ, ಟೈಮ್ ಟೇಬಲ್, ಸೀಮೆಸುಣ್ಣ ಹಂಚುವುದು, ಎಲ್ಲವೂ ನನ್ನ ಕೈಯಿಂದಲೇ ಆಗಬೇಕು. ಬೀಗದ ಕೈ ಗೊಂಚಲು ನನ್ನ ಸೊಂಟದಲ್ಲಿರುತ್ತಿತ್ತು. ನನಗೆ ಜ್ವರ ಬಂದರೆ ಶಾಲೆಗೂ ಜ್ವರ ಬಂದ ಹಾಗೆ. ಅದು ನನ್ನ ಹೆಮ್ಮೆಯಾಗಿತ್ತು.

ಇನ್‌ಸ್ಪೆಕ್ಟರು ಎಲ್ಲ ಕ್ಲಾಸುಗಳನ್ನೂ ನೋಡಿ, ಕಾಫಿ ಕುಡಿದು, ಲೋಟ ಕೆಳಗಿಟ್ಟರು.

"ಚಲೋ ಅದೆ ಅಮ್ಮ. ಶಿಸ್ತು ಅದೆ. ಆದ್ರೆ ನೀವೊಮ್ಮೆ ಆನವಟ್ಟಿ ಕಡೆ ಹೋಗಿ ಬರ್ರಿ. ಅಲ್ಲಿ ಒಂದು ಹಳ್ಳಿ ಶಾಲೆಗೆ ಒಬ್ಬ ಹೆಡ್‌ಮಿಸ್ಟ್ರೆಸ್ ಬಂದಾರೆ. ಶಾಲೆ ನಡೆಸೋದು ಅಂದ್ರೆ ಏನು ಅಂತ ಅವರನ್ನ ನೋಡಿ ತಿಳ್ಕೋಬೇಕು ಕಣ್ರೀ."

ಆ ಹೆಡ್‌ಮಿಸ್ಟ್ರೆಸ್ ಯಾರೆಂದು ಕೇಳಿದರೆ, ನನ್ನ ಹಳೆಯ ಗೆಳತಿಯೇ! ಶಿವಮೊಗ್ಗದ ಟ್ರೈನಿಂಗ್ ಶಾಲೆಯಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಅವಳ ಪಾಠದ ಟಿಪ್ಪಣಿಗಳನ್ನು ತಿದ್ದಿಕೊಡುತ್ತಿದ್ದವಳು ನಾನು. ಮಾದರಿ ಪಾಠದ ದಿನ ಅವಳು ಬೋರ್ಡಿನ ಮುಂದೆ ಮಾತು ಮರೆತು ನಿಂತಾಗ ಹಿಂದಿನ ಬೆಂಚಿನಿಂದ ತುಟಿಯಾಡಿಸಿ ನೆನಪು ಮಾಡಿದವಳೂ ನಾನೇ. ಈಗ ನಾನು ಹೋಗಿ ಅವಳನ್ನು ನೋಡಿ ಕಲಿಯಬೇಕಂತೆ!

ಹೋದೆ. ಕಲಿಯುವುದಕ್ಕಲ್ಲ, ಹುಳುಕು ಹುಡುಕುವುದಕ್ಕೆ. ನಮ್ಮ ಟೀಚರುಗಳಿಗೆ ನೆಂಟರ ಮನೆಯ ನಿಶ್ಚಿತಾರ್ಥವೆಂದು ಹೇಳಿ, ಒಂದು ಶನಿವಾರ ಮೊದಲ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇನ್ನೊಂದು ಬಸ್ಸು ಹಿಡಿದು ಆ ಊರಿಗೆ ಇಳಿದೆ. ಶಾಲೆಯ ಕಟ್ಟಡ ನೋಡಿ ಮನಸ್ಸಿಗೆ ತಂಪಾಯಿತು. ಯಾವುದೋ ಕಾಲದ ಭತ್ತದ ಉಗ್ರಾಣ, ಪಕ್ಕಕ್ಕೊಂದು ತಗಡಿನ ಚಪ್ಪರ. ಇದಕ್ಕೇನಾ ಇಷ್ಟು ಹೊಗಳಿಕೆ ಅಂದುಕೊಂಡೆ.

ಅಷ್ಟರಲ್ಲಿ ದೊಡ್ಡ ಹುಡುಗಿಯೊಬ್ಬಳು ಗಂಟೆ ಹೊಡೆದಳು. ಮಕ್ಕಳು ತಾವಾಗಿಯೇ ಸಾಲು ನಿಂತರು. ಪ್ರಾರ್ಥನೆ ಶುರುವಾಯಿತು. ನನ್ನ ಗೆಳತಿ ಎಲ್ಲೂ ಕಾಣಲಿಲ್ಲ. ಯಾರೂ ಅವಳಿಗಾಗಿ ಬಾಗಿಲ ಕಡೆ ನೋಡಲೂ ಇಲ್ಲ.

"ಅಮ್ಮೋರು ಪಟೇಲರ ಮನೆಗೆ ಹೋಗಿದಾರೆ, ಸೋರೋ ಮಾಡಿನ ರಿಪೇರಿ ಮಾತಾಡಕ್ಕೆ. ಬನ್ನಿ, ಕೂತ್ಕಳಿ. ಚೆನ್ನಾಗಿದೀರಾ?" ಎಂದು ಒಬ್ಬ ಟೀಚರು ನಗುತ್ತ ಕುರ್ಚಿ ತಂದಿಟ್ಟರು. ನೋಡಿದರೆ ನಮ್ಮ ಹೊಲಿಗೆ ಟೀಚರು! ಮೂರು ವರ್ಷ ನನ್ನ ಶಾಲೆಯಲ್ಲಿದ್ದು, 'ತುಂಬ ನಿಧಾನ, ಇವರಿಂದ ಉಪಯೋಗವಿಲ್ಲ' ಎಂದು ನಾನೇ ಹೇಳಿ ವರ್ಗ ಮಾಡಿಸಿದ್ದ ಹೆಂಗಸು. ಆಕೆಯ ಹಲ್ಲುಗಳು ಅಷ್ಟು ಚೆನ್ನಾಗಿ ಸಾಲಾಗಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನನ್ನ ಹತ್ತಿರ ಇದ್ದಾಗ ಆಕೆ ನಕ್ಕಿರಲಿಲ್ಲ.

ಶನಿವಾರವಾದ್ದರಿಂದ ಮಧ್ಯಾಹ್ನಕ್ಕೆ ಶಾಲೆ ಬಿಟ್ಟಿತು. ಟೀಚರುಗಳೆಲ್ಲ ಚಾಪೆ ಹಾಸಿಕೊಂಡು ಕೂತರು. ಅಷ್ಟು ಹೊತ್ತಿಗೆ ಪಟೇಲರ ಮನೆಯಿಂದ ಬಂದಿದ್ದ ಗೆಳತಿ ನನ್ನನ್ನು ಊಟಕ್ಕೆ ನಿಲ್ಲಲು ಹೇಳಿ, ಅವರ ನಡುವೆಯೇ ಕೂತಳು. ಕೊಯ್ಲು ಹತ್ತಿರ ಬಂದಿತ್ತು. ತಾಯಂದಿರು ಗದ್ದೆಗೆ ಹೋದರೆ ಹುಡುಗಿಯರು ಮನೆಯಲ್ಲಿ ಕೂಸು ನೋಡಿಕೊಳ್ಳಲು ನಿಲ್ಲುತ್ತಾರೆ, ಏನು ಮಾಡೋಣ ಎಂದು ಅವಳು ಕೇಳಿದಳು. ಕೇಳಿ ಸುಮ್ಮನಾದಳು.

"ಕೂಸುಗಳನ್ನ ಕರ್ಕೊಂಡೇ ಬರ್ಲಿ ಬಿಡಿ," ಎಂದರು ಹೊಲಿಗೆ ಟೀಚರು. "ಚಪ್ಪರದಾಗೆ ಎರಡು ಸೀರೆ ತೊಟ್ಟಿಲು ಕಟ್ತೀನಿ. ನನ್ನ ಪಿರೀಡಿಗೆ ಬಂದ ಹುಡುಗೀರು ಹೊಲೀತಾ ತೂಗ್ತಾರೆ."

"ಕೂಸು ಅತ್ರೆ ನನ್ನ ಲೆಕ್ಕದ ಪಾಠ ಏನಾಗ್ಬೇಕು?" ಎಂದರು ಇನ್ನೊಬ್ಬರು. ಇಬ್ಬರೂ ಜೋರಾಗಿಯೇ ವಾದ ಮಾಡಿದರು. ನಾನಾಗಿದ್ದರೆ ಮೇಜು ಕುಟ್ಟಿ ಸುಮ್ಮನಿರಿಸುತ್ತಿದ್ದೆ. ಅವಳು ಕೊನೆಯವರೆಗೂ ಕೇಳಿ, "ಲೆಕ್ಕ ಬೆಳಿಗ್ಗೆ ಮೊದ್ಲು ಇಟ್ಕಳಣ, ಕೂಸುಗಳು ಇನ್ನೂ ಮಲಗಿರ್ತಾವೆ. ಎರಡು ವಾರ ಮಾಡಿ ನೋಡಿ ಮತ್ತೆ ಕೂರಣ. ಸರಿ ಬರ್ದಿದ್ರೆ ಬಿಡಣ," ಎಂದಳು. ಅಷ್ಟೇ. ಎಲ್ಲರೂ ಎದ್ದರು.

ಊಟಕ್ಕೆ ಅವಳ ಮನೆಗೆ ಹೋದಾಗ ತಡೆಯಲಾಗಲಿಲ್ಲ. "ಇದನ್ನೆಲ್ಲ ಎಲ್ಲಿ ಕಲಿತೆ ನೀನು?"

"ಎಂತದು ಕಲಿಯೋದು ಮಾರಾಯ್ತಿ? ನಂಗೆ ಒಬ್ಳಿಗೇ ಎಲ್ಲ ಮಾಡಕ್ಕೆ ಬರಲ್ಲ, ಅದಕ್ಕೆ ಅವ್ರನ್ನ ಕೇಳ್ತೀನಿ. ಸಾರು ಹಾಕ್ಕೋ."

ನನ್ನನ್ನು ಅಣಕಿಸಿದ್ದರೆ ಸಹಿಸುತ್ತಿದ್ದೆನೇನೋ. ಅವಳು ನಿಜವಾಗಿಯೇ ಹಾಗೆ ತಿಳಿದುಕೊಂಡಿದ್ದಳು. ವಾಪಸು ಬರುವ ದಾರಿಯುದ್ದಕ್ಕೂ ಆ ಚಾಪೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಮುಂದಿನ ವಾರ ನಾನೂ ನಮ್ಮ ಟೀಚರುಗಳನ್ನು ಕೂರಿಸಿದೆ. ಏನು ಕೇಳಿದರೂ ಎಲ್ಲರೂ ಸೆರಗಿನ ಅಂಚು ನೋಡುತ್ತ ಕೂತರು. ಆ ಮೌನ ತಾಳಲಾರದೆ ನಾನೇ ಮಾತಾಡಿದೆ, ಮಾತಾಡುತ್ತಲೇ ಹೋದೆ. ಕೊನೆಗೆ ಎಲ್ಲರಿಗಿಂತ ಹಿರಿಯ ಟೀಚರು ಮೆಲ್ಲಗೆ ಅಂದರು: "ನೀವೇ ಹೇಳಿಬಿಡ್ರಿ ಅಮ್ಮ. ಹೆಂಗಿದ್ರೂ ನೀವು ಹೇಳಿದ್ದೇ ಆಗೋದಲ್ರೀ?" ಆಕೆಗೆ ಪ್ರಾರ್ಥನೆಯ ಜವಾಬ್ದಾರಿ ಕೊಟ್ಟು ನೋಡಿದೆ. ಮೂರನೇ ದಿನಕ್ಕೆ ಸಾಲು ಸೊಟ್ಟಗಿದೆಯೆಂದು ನಾನೇ ಹೋಗಿ ಮುಂದೆ ನಿಂತೆ.

ಆ ಬೇಸಿಗೆಯಲ್ಲಿ ವರ್ಗದ ಆದೇಶ ಬಂತು. ನನ್ನ ಜಾಗಕ್ಕೆ ಅವಳು, ಅವಳ ಜಾಗಕ್ಕೆ ನಾನು. ಊರು ಬಿಡುವ ಬೇಸರಕ್ಕಿಂತ ಒಂದು ಕಹಿಯಾದ ಖುಷಿಯೇ ಹೆಚ್ಚಾಗಿತ್ತು. ನನ್ನ ಟೀಚರುಗಳನ್ನು ಕಟ್ಟಿಕೊಂಡು ಚಾಪೆ ಹಾಸಲಿ, ಆಗ ಗೊತ್ತಾಗುತ್ತದೆ ಅಂದುಕೊಂಡೆ.

ಆದರೆ ಮೊದಲು ಪೆಟ್ಟು ತಿಂದವಳು ನಾನು. ಅಲ್ಲಿ ನನಗೆ ಕೆಲಸವೇ ಇರಲಿಲ್ಲ. ಗಂಟೆ ಆಗುತ್ತಿತ್ತು, ಪಾಠ ನಡೆಯುತ್ತಿತ್ತು, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸಿಗೆ ಇನ್ನೊಬ್ಬರು ಆಗಲೇ ಹೋಗಿರುತ್ತಿದ್ದರು. ನಾನು ಏನಾದರೂ ಬದಲಾಯಿಸಲು ಹೋದರೆ, "ಹಿಂದಿನ ಅಮ್ಮೋರಿದ್ದಾಗ ಶನಿವಾರ ಕೂತು ಮಾತಾಡ್ತಿದ್ವಿ," ಎನ್ನುತ್ತಿದ್ದರು ವಿನಯದಿಂದಲೇ. ಅವಳು ಊರಲ್ಲಿಲ್ಲದೆಯೂ ಆ ಕುರ್ಚಿಯಲ್ಲಿ ಅವಳೇ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ.

ಶಿಕಾರಿಪುರದಿಂದ ಬರುವ ಸುದ್ದಿಗೆ ಕಿವಿ ನೆಟ್ಟುಕೊಂಡಿರುತ್ತಿದ್ದೆ. ಹೊಸ ಹೆಡ್‌ಮಿಸ್ಟ್ರೆಸ್ ಏನೂ ಹೇಳುವುದಿಲ್ಲವೆಂದು ಟೀಚರುಗಳು ಗೊಣಗುತ್ತಿದ್ದಾರಂತೆ. ಒಂದು ದಿನ ಬೀಗದ ಕೈ ಯಾರ ಹತ್ತಿರವಿದೆಯೆಂದು ತಿಳಿಯದೆ ಮಕ್ಕಳು ಬಾಗಿಲಲ್ಲೇ ನಿಂತಿದ್ದರಂತೆ. ಇದನ್ನು ಕೇಳಿದ ದಿನ ನಾನು ಎರಡು ತುತ್ತು ಹೆಚ್ಚು ಉಂಡೆ. ಆದರೆ ದಸರೆ ರಜೆ ಮುಗಿಯುವ ಹೊತ್ತಿಗೆ ಸುದ್ದಿಯ ಧಾಟಿ ಬದಲಾಯಿತು. ನನ್ನೆದುರು ಸೆರಗು ನೋಡುತ್ತಿದ್ದ ಹಿರಿಯ ಟೀಚರು ಮಕ್ಕಳಿಂದ ನಾಟಕ ಆಡಿಸಿದರಂತೆ.

ಅದಾಗಿ ಸ್ವಲ್ಪ ದಿನಕ್ಕೆ ಗೆಳತಿಯೇ ಹೇಳದೆ ಕೇಳದೆ ನನ್ನ ಮನೆ ಬಾಗಿಲಿಗೆ ಬಂದಳು. ಮುಖ ಬಾಡಿತ್ತು.

"ಕೆರೆ ಹತ್ರದ ಕೇರಿಯಿಂದ ಹುಡುಗೀರು ಒಬ್ಬೊಬ್ರೇ ಬಿಡ್ತಿದಾರೆ ಕಣೇ. ಮನೆಗೆ ಹೋದ್ರೆ ತಾಯಂದಿರು ನನ್ ಹತ್ರ ಮಾತೇ ಆಡಲ್ಲ. ನಮ್ಮ ಅಮ್ಮೋರು ಯಾವಾಗ ಬರ್ತಾರೆ ಅಂತ ನಿನ್ ವಿಷ್ಯಾನೇ ಕೇಳ್ತಾರೆ. ನೀನು ಅವ್ರಿಗೆ ಏನು ಹೇಳ್ತಿದ್ದೆ?"

ಏನೂ ಹೇಳುತ್ತಿರಲಿಲ್ಲ. ಭಾನುವಾರ ಆ ಕೇರಿಗೆ ಹೋಗಿ ಜಗಲಿಯ ಮೇಲೆ ಕೂತು ಅವರ ಜೊತೆ ಕಾಳು ಆರಿಸುತ್ತಿದ್ದೆ. ಯಾರಿಗೆ ಹೆರಿಗೆ, ಯಾರಿಗೆ ಸೊಸೆ ಬಂದಳು, ಎಲ್ಲ ಗೊತ್ತಿತ್ತು. ಅದನ್ನು ನಾನು ಶಾಲೆಯ ಕೆಲಸವೆಂದೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮುಂದಿನ ಭಾನುವಾರ ಅವಳ ಜೊತೆ ಶಿಕಾರಿಪುರಕ್ಕೆ ಹೋದೆ. ಕೇರಿಯ ಬಾಯಲ್ಲೇ ಒಬ್ಬಾಕೆ ಕೂಗಿದಳು: "ಅಯ್ಯ, ನಮ್ಮ ಅಮ್ಮೋರು ಬಂದ್ರು ನೋಡ್ರೇ!" ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ಕೈ ಹಿಡಿದಳು, ಒಬ್ಬಳು ಮೊಮ್ಮಗುವನ್ನು ಮಡಿಲಿಗೆ ಹಾಕಿದಳು. ನನ್ನ ಗೆಳತಿ ಹಿಂದೆ ನನ್ನ ಕೈಚೀಲ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ನೋಡಿದೆ. ಅಂಥ ಮುಖ ನನಗೆ ಒಳಗಿನಿಂದ ಚೆನ್ನಾಗಿ ಗೊತ್ತಿತ್ತು. ಪರಿಚಯ ಮಾಡಿಸಬೇಕೆಂದು ತಿಳಿದಿದ್ದರೂ ಎರಡು ಮನೆ ದಾಟುವವರೆಗೆ ಮಾಡಿಸಲಿಲ್ಲ. ಆ ಎರಡು ಮನೆಗಳ ಸುಖವನ್ನು ನಾನು ಪೂರ್ತಿಯಾಗಿ ಉಂಡೆ. ಮೂರನೆಯ ಜಗಲಿಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, "ಇವಳು ನನ್ನ ಅಕ್ಕನ ಹಾಗೆ. ನನಗೆ ಹೇಳಿದ್ದನ್ನೆಲ್ಲ ಇವಳಿಗೂ ಹೇಳಿ," ಎಂದೆ.

ಸಂಜೆ ಬಸ್ಸು ಹತ್ತಿಸಲು ಬಂದವಳು ಕಿಟಕಿಯ ಸರಳು ಹಿಡಿದು ಅಂದಳು: "ನಿನ್ನ ಕಂಡು ಇವತ್ತು ಹೊಟ್ಟೆ ಉರಿದುಹೋಯ್ತು ಕಣೇ. ಆಣೆಗೂ."

ಹೇಳಿ ನಕ್ಕಳು. ಇಷ್ಟು ವರ್ಷ ಅವಳಿಗೆ ಹೇಳಲಾಗದೆ ನಾನು ನುಂಗಿಕೊಂಡ ಮಾತನ್ನು ಅವಳು ಎಷ್ಟು ಸಲೀಸಾಗಿ ಆಡಿಬಿಟ್ಟಳು! ಅದಕ್ಕೂ ನನಗೆ ಅಸೂಯೆಯಾಯಿತು. ನಾನೂ ಹೇಳಬೇಕೆಂದು ಬಾಯಿ ತೆರೆದೆ. "ಚಳಿ ಆಗ್ತಿದೆ, ಮನೆಗೆ ಹೋಗು," ಎಂಬ ಮಾತಷ್ಟೇ ಹೊರಟಿತು.

ಆ ಕೇರಿಯ ಹುಡುಗಿಯರಲ್ಲಿ ಹೆಚ್ಚಿನವರು ಶಾಲೆಗೆ ಮರಳಿದರೆಂದು ಆಮೇಲೆ ತಿಳಿಯಿತು. ಆನವಟ್ಟಿ ಕಡೆಯ ನನ್ನ ಹೊಸ ಶಾಲೆಯ ಹಳ್ಳಿಯಲ್ಲೂ ಭಾನುವಾರ ಮನೆಗಳಿಗೆ ಹೋಗಲು ಶುರು ಮಾಡಿದೆ. ಹೊಲಿಗೆ ಟೀಚರು, "ನಾನೂ ಬರ್ಲಾ ಅಮ್ಮ?" ಎಂದು ಕೇಳಿದರು. ಬೇಡವೆನ್ನಲು ನಾಲಿಗೆ ತುದಿಗೆ ಬಂದಿತ್ತು. ಕರೆದುಕೊಂಡು ಹೋದೆ. ಮೊದಲ ಮನೆಯಲ್ಲೇ ಹೆಂಗಸರು ಆಕೆಯನ್ನು ಹಿಡಿದು ಕೂರಿಸಿ ರವಿಕೆಯ ತೋಳಿನ ಅಳತೆ ಕೇಳತೊಡಗಿದರು. ನನ್ನ ಕಡೆ ಯಾರೂ ನೋಡಲಿಲ್ಲ. ಆ ಮನೆಯನ್ನು ಆಕೆಗೇ ಬಿಟ್ಟು, ಪಕ್ಕದ ಮನೆಗೆ ನಡೆದೆ.