ನಾಲ್ಕನೆಯ ಚಮಚದ ಅಕ್ಕಿ

ನಮ್ಮ ನೈಋತ್ಯ ಕಡಲಿನ ದ್ವೀಪಗಳ ಕ್ರೈಸ್ತಸಭೆಗಳ ಚರಿತ್ರೆ ಬರೆಯುವವರು ಸಭಾಪಾಲಕರ ಹೆಸರುಗಳನ್ನು ಸಾಲಾಗಿ ಬರೆದು, ದೇವಾಲಯ ಕಟ್ಟಿದ ವರ್ಷಗಳನ್ನು ಪಕ್ಕದಲ್ಲಿ ನಮೂದಿಸಿ ಕೈತೊಳೆದುಕೊಳ್ಳುವುದು ವಾಡಿಕೆ. ಆ ಸಭಾಪಾಲಕರು ಮೂರು ನಾಲ್ಕು ವರ್ಷಕ್ಕೆ ಮೊಕ್ಪೊ ಪಟ್ಟಣದ ಹಡಗು ಹತ್ತಿ ಹೋದ ಮೇಲೂ ಮನೆಮನೆಯ ಬಾಗಿಲು ತಟ್ಟುತ್ತ ಉಳಿದವರು ಸುವಾರ್ತಿಕೆಯರು, ಸಭೆ ನೇಮಿಸಿದ ಸೇವಕಿಯರು. ಅಂಥವರಲ್ಲಿ ಅಗ್ರಗಣ್ಯರೆನಿಸಿ, ಮುಲ್ಚಿ ದ್ವೀಪದ ಸಭೆಯಲ್ಲಿ ನಲವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ಈಗ ಎಪ್ಪತ್ತು ತುಂಬಿ ನಿವೃತ್ತರಾಗುತ್ತಿರುವ ಸನ್ಮಾನ್ಯ ತಾಕ್ ಬೊಕ್‌ಸುನ್ ಅವರ ಕುರಿತು ನಾಲ್ಕು ಪುಟ ಬರೆದುಕೊಡಬೇಕೆಂದು ಅಭಿನಂದನ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಸೀಗಡಿಗೆ ಉಪ್ಪು ಬೆರೆಸುವ ಕೈಗೆ ಲೇಖನಿ ಕೊಟ್ಟವರು ಅದರ ಫಲವನ್ನೂ ತಾವೇ ಉಣ್ಣಲಿ.

ಅವರು ದ್ವೀಪಕ್ಕೆ ಬಂದದ್ದು ೧೯೭೯ರ ವಸಂತದಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಒಂದು ಹಾಸಿಗೆಯ ಗಂಟು ಮತ್ತು ತಮ್ಮ ಕಾಲಿಗೆ ದೊಡ್ಡದಾದ ಒಂದು ಜೊತೆ ರಬ್ಬರ್ ಬೂಟಿನೊಂದಿಗೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದ ಅಜ್ಜಿಯರಿಗೆ, "ನಿಮ್ಮನ್ನೆಲ್ಲ ಕಟ್ಕೊಂಡಿದ್ದು ಸಾಲ್ದಾ?" ಎಂದು ಉತ್ತರಿಸುತ್ತಿದ್ದರು. ಅಂದಿನಿಂದ ಅವರು ಊರಿಗೆಲ್ಲ ಸುವಾರ್ತಿಕಮ್ಮ.

ಅವರ ಸೇವೆಯನ್ನು ಅರಿಯಬೇಕಾದರೆ ನಮ್ಮ ಕಾಣಿಕೆಯಕ್ಕಿಯ ಪದ್ಧತಿಯನ್ನು ನೆನೆಯಲೇಬೇಕು. ಪ್ರತಿ ಹೊತ್ತಿನ ಅನ್ನಕ್ಕೆ ಅಕ್ಕಿ ತೊಳೆಯುವ ಮುನ್ನ, ಮನೆಯಲ್ಲಿ ಎಷ್ಟು ಜನವೋ ಅಷ್ಟು ಚಮಚ ಅಕ್ಕಿಯನ್ನು ಬಟ್ಟೆಚೀಲದಲ್ಲಿ ತೆಗೆದಿರಿಸಿ, ಭಾನುವಾರ ದೇವಾಲಯದ ಬಾಗಿಲ ಬಳಿಯ ಮರದ ಪೆಟ್ಟಿಗೆಯಲ್ಲಿಡುವುದು ನಮ್ಮ ಹೆಂಗಸರ ರೂಢಿ. ಆ ಅಕ್ಕಿ ಸಭಾಪಾಲಕರ ಮನೆಗೂ ಇಲ್ಲದವರ ಮನೆಗೂ ಹೋಗುತ್ತದೆ. ಬೇರೆ ಸಭೆಗಳಲ್ಲಿ ಅದನ್ನು ಜಾಡಿಗೆ ಸುರಿದರೆ ಕೆಲಸ ಮುಗಿಯಿತು. ಸುವಾರ್ತಿಕಮ್ಮ ಮಾತ್ರ ಸುರಿಯುವ ಮುನ್ನ ಪ್ರತಿಯೊಂದು ಚೀಲವನ್ನೂ ಅಂಗೈಯಲ್ಲಿ ಎತ್ತಿ ನೋಡುತ್ತಿದ್ದರು. ತಕ್ಕಡಿ ಇರಲಿಲ್ಲ, ಪುಸ್ತಕ ಇರಲಿಲ್ಲ. ಚೀಲ ಹಗುರಾದರೆ ಆ ಮನೆಯಲ್ಲಿ ಯಾರೋ ಊಟ ಬಿಟ್ಟಿದ್ದಾರೆ, ಇಲ್ಲವೇ ಅಕ್ಕಿಯೇ ಮುಗಿದಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಆ ಬಾಗಿಲಲ್ಲಿ ಅವರ ಬೂಟು ಇರುತ್ತಿತ್ತು.

ಒಮ್ಮೆ ಪ್ಯೊನ್ ಅಜ್ಜನ ಮನೆಯ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು. ಸುವಾರ್ತಿಕಮ್ಮ ಹೋಗಿ ಅಂಗಳದಲ್ಲಿ ನಿಂತು, "ಅಜ್ಜ, ಮನೇಲಿ ಇನ್ನೊಂದು ಬಾಯಿ ಇದೆ ಅಲ್ವಾ?" ಎಂದರು. ಪಟ್ಟಣದಲ್ಲಿ ಅಂಗಡಿ ಮುಳುಗಿಸಿಕೊಂಡು ಬಂದ ಮಗ ನಾಚಿಕೆಯಿಂದ ಹಿಂದಿನ ಕೋಣೆಯಲ್ಲಿ ಅಡಗಿದ್ದ. ಅಜ್ಜ ಮಗನನ್ನು ಊರಿಂದ ಬಚ್ಚಿಟ್ಟರೂ ದೇವರ ಪಾಲಿನ ಚಮಚವನ್ನು ಬಚ್ಚಿಡಲಾರದೆ ಹೋಗಿದ್ದರು. ಮರುವಾರ ಆ ಮಗ ನಮ್ಮ ಗಾಯನವೃಂದದಲ್ಲಿ ನಿಂತಿದ್ದ, ಅಪಸ್ವರದಲ್ಲಿ.

ಇನ್ನು ನನ್ನ ವಿಷಯ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲವಾದ್ದರಿಂದ ಬರೆಯುತ್ತೇನೆ.

೧೯೯೧ರ ಅಕ್ಟೋಬರಿನಲ್ಲಿ ನನ್ನ ಗಂಡ ಗಿಲ್‌ಹೊ ಮತ್ತು ಇನ್ನು ಮೂವರು ಹೋದ ಸೀಗಡಿ ದೋಣಿ ಮೂರು ದಿನಗಳ ಮೇಲೆ ಬರಿದಾಗಿ ಸಿಕ್ಕಿತು. ಉಳಿದ ಮೂವರ ದೇಹಗಳನ್ನು ಕಡಲು ಹಿಂದಿರುಗಿಸಿತು, ಗಿಲ್‌ಹೊನನ್ನು ಹಿಂದಿರುಗಿಸಲಿಲ್ಲ. ನನಗೆ ಮೂವತ್ತು ವರ್ಷ, ಮಗಳು ಉನ್‌ಸಿಲ್‌ಗೆ ಎಂಟು, ಕಿರಿಯವಳಿಗೆ ಐದು. ಸಭೆಯ ಹಿರಿಯರೊಬ್ಬರು ಬಂದು, "ದೇವರ ಚಿತ್ತ, ಏನ್ ಮಾಡೋಕಾಗುತ್ತೆ" ಎಂದು ಹೇಳಿ, ಬಾರ್ಲಿ ಚಹಾ ಕುಡಿದು ಹೋದರು.

ನಾನು ಅತ್ತೆನೆಂಬ ನೆನಪಿಲ್ಲ. ಹೊತ್ತು ಹೊತ್ತಿಗೆ ನಾಲ್ಕು ಚಮಚ ಅಕ್ಕಿ ಎತ್ತಿಡುತ್ತಿದ್ದೆ: ನನ್ನದು, ಇಬ್ಬರು ಮಕ್ಕಳದು, ಅವನದು. ಅವನ ಚಮಚ ಚೀಲಕ್ಕೆ ಬೀಳುವ ತನಕ ಅವನು ಉಣ್ಣುವವರ ಲೆಕ್ಕದಲ್ಲಿದ್ದಾನೆ ಎಂದುಕೊಂಡಿದ್ದೆ. ಚಮಚ ಎತ್ತಿಟ್ಟ ಮೇಲೆ ಒಲೆ ಹಚ್ಚುವುದಕ್ಕೆ ಮಾತ್ರ ಕೈ ಏಳುತ್ತಿರಲಿಲ್ಲ. ಮಕ್ಕಳು ಪಕ್ಕದ ಮನೆಯಲ್ಲಿ ಸಿಕ್ಕದ್ದು ತಿನ್ನುತ್ತಿದ್ದವು.

ಇಲ್ಲಿ ಸುವಾರ್ತಿಕಮ್ಮ ತಪ್ಪಿದರು. ಮೊದಲ ವಾರವೆಲ್ಲ ನನ್ನ ಬಳಿ ಕುಳಿತಿದ್ದವರು, ಭಾನುವಾರ ನನ್ನ ಚೀಲ ಎಂದಿನಷ್ಟೇ ಭಾರವಾಗಿ ಬಂದದ್ದನ್ನು ಎತ್ತಿ ನೋಡಿ, ಈ ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ಸಮಾಧಾನಪಟ್ಟರು. ಉಳಿದ ಮೂವರು ವಿಧವೆಯರ ಚೀಲಗಳು ಖಾಲಿ ಬಂದಿದ್ದವು. ಅವರ ಮನೆಗಳಿಗೆ ಹೋದರು. ಐದು ಭಾನುವಾರ ಹೀಗೇ ನಡೆಯಿತು. ವರ್ಷಗಳಿಂದ ನಾಲ್ವರ ಭಾರಕ್ಕೆ ಒಗ್ಗಿದ ಅವರ ಕೈಗೆ ಅದರಲ್ಲಿ ಏನೂ ಅಸಹಜ ಕಾಣಲಿಲ್ಲ.

ಆರನೆಯ ಭಾನುವಾರ ನಾನು ಚೀಲವನ್ನು ಉನ್‌ಸಿಲ್ ಕೈಗೆ ಕೊಟ್ಟು, ತಂಗಿಯನ್ನು ಕರೆದುಕೊಂಡು ಹೋಗೆಂದೆ. ಅವಳ ಕೂದಲನ್ನು ಎರಡು ಸಲ ಬಾಚಿದೆ. ನಾನು ಕಡಲಿಗೆ ಹೊರಟಿದ್ದೆ, ಹಿಂದಿರುಗುವ ಉದ್ದೇಶವಿರಲಿಲ್ಲ. ಮೂವತ್ತೆರಡು ವರ್ಷದ ಮೇಲೆ ಇದನ್ನು ಅಚ್ಚಿನಲ್ಲಿ ಒಪ್ಪಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ.

ಆರಾಧನೆಯ ನಂತರ ಎಲ್ಲರೂ ದೇವಾಲಯದ ನೆಲಮನೆಯಲ್ಲಿ ಕುಳಿತು ಉಣ್ಣುವಾಗ ಉನ್‌ಸಿಲ್ ಮೂರನೆಯ ಬಟ್ಟಲು ಸಾರನ್ನ ಕೇಳಿದಳಂತೆ. ಬಡಿಸುತ್ತಿದ್ದ ಸುವಾರ್ತಿಕಮ್ಮ, "ಅಮ್ಮ ಬೆಳಿಗ್ಗೆ ಏನ್ ಮಾಡಿದ್ರು ಪುಟ್ಟಿ?" ಎಂದರು. "ಅಮ್ಮ ಅಡುಗೆ ಮಾಡಲ್ಲ. ಅಕ್ಕಿ ಎಣಿಸ್ತಾರೆ ಅಷ್ಟೇ" ಎಂದಳು ಮಗು. ಸೌಟು ಅಲ್ಲೇ ಬಿತ್ತು. ಅವರು ಅಕ್ಕಿಕೋಣೆಗೆ ಹೋಗಿ ಇನ್ನೂ ಸುರಿಯದಿದ್ದ ನನ್ನ ಚೀಲವನ್ನು ಮತ್ತೊಮ್ಮೆ ಎತ್ತಿ, ಮೂವರ ಮನೆಯಿಂದ ನಾಲ್ವರ ಚೀಲ ಬಂದಿದೆಯೆಂಬುದನ್ನು ಆಗ ಕಂಡರು. ಬೂಟು ಹಾಕಿಕೊಳ್ಳಲೂ ನಿಲ್ಲದೆ, ದೇವಾಲಯದೊಳಗೆ ಮೆಟ್ಟುವ ಬಟ್ಟೆಚಪ್ಪಲಿಯಲ್ಲೇ ಓಡಿದರು.

ಭರತದ ನೀರು ಏರುತ್ತಿತ್ತು. ಕಡಲೊಳಕ್ಕೆ ಚಾಚಿದ ಕಲ್ಲಿನ ದಾರಿಯ ಕೊನೆಯಲ್ಲಿ, ಸೊಂಟದ ತನಕ ನೀರಿನಲ್ಲಿ, ಅವನ ಊಟದ ಬಟ್ಟಲು ಹಿಡಿದು ನಿಂತಿದ್ದೆ. ಹಿಂದಿನಿಂದ ಏದುಸಿರಿನ ಧ್ವನಿ ಬಂತು.

"ಉನ್‌ಸಿಲ್ ಅಮ್ಮ, ನನ್ನ ಕೈ ನಂಗೆ ಮೋಸ ಮಾಡ್ತು ಕಣೆ. ಐದು ವಾರ ನಿನ್ನ ಬಿಟ್ಬಿಟ್ಟೆ. ಬಯ್ಯಿ ನನ್ನ. ಆದ್ರೆ ದಡಕ್ಕೆ ಬಂದು ಬಯ್ಯಿ."

ಬೇರೆ ಏನನ್ನು ಹೇಳಿದ್ದರೂ ನಾನು ತಿರುಗುತ್ತಿರಲಿಲ್ಲ. ಬಯ್ಯುವುದಕ್ಕೆಂದೇ ತಿರುಗಿದೆ. ದಡದಲ್ಲಿ ಅವರನ್ನು ಬೈದೆ, ಹಿರಿಯರನ್ನು ಬೈದೆ, ದೇವರನ್ನು ಇಲ್ಲಿ ಬರೆಯಲಾಗದ ಮಾತಿನಲ್ಲಿ ಬೈದೆ. ಅವರು ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದು ಕೇಳುತ್ತಿದ್ದರು.

"ಯಾಕೆ ಹಿಂಗ್ ಮಾಡ್ದ ಆ ದೇವ್ರು? ಹೇಳಿ, ಓದಿದೋರು ನೀವು!"

"ಗೊತ್ತಿಲ್ಲ ಕಣೆ. ನಿಜವಾಗ್ಲೂ ಗೊತ್ತಿಲ್ಲ. ನಾಳೆ ಬೆಳಗ್ಗೆ ಪ್ರಾರ್ಥನೆಗೆ ಬಾ, ಅವನನ್ನೇ ಕೇಳೋಣ."

"ನಂಗೆ ಪ್ರಾರ್ಥನೆ ಬರಲ್ಲ ಇನ್ನು."

"ಬರದಿದ್ರೆ ಸುಮ್ನೆ ಕೂತ್ಕೋ. ಮಾತಾಡೋದು ನನ್ನ ಕೆಲಸ. ಸಂಬಳ ಕೊಡ್ತಾರಲ್ಲ."

ಮರುದಿನದಿಂದ ಮುಂಜಾವ ನಾಲ್ಕೂವರೆಗೆ ಅವರು ನನ್ನ ಬಾಗಿಲಿಗೆ ಬಂದರು. ಒಂದು ಚಳಿಗಾಲ ಪೂರ್ತಿ ನಾನು ಅವರ ಪಕ್ಕದ ಚಾಪೆಯ ಮೇಲೆ ಕಲ್ಲಿನಂತೆ ಕೂತೆ. ಅವರು ನನ್ನ ಪರವಾಗಿ ದೇವರನ್ನು ಪ್ರಶ್ನಿಸಿದರು, ಕೆಲವೊಮ್ಮೆ ನನಗಿಂತ ಒರಟಾಗಿ. ವಸಂತದ ಒಂದು ಬೆಳಿಗ್ಗೆ ನನ್ನ ಬಾಯಿಂದ "ಅಪ್ಪಾ" ಎಂಬ ಒಂದು ಮಾತು ಬಂತು, ಹಿಂದೆಯೇ ಆರು ತಿಂಗಳ ಅಳು ಬಂತು. ಕೇಳಿದ್ದಕ್ಕೆ ಉತ್ತರ ಇಂದಿಗೂ ಸಿಕ್ಕಿಲ್ಲ. ಕೇಳಿಸಿಕೊಳ್ಳುವವನೊಬ್ಬನಿದ್ದಾನೆ ಎಂಬುದು ಆ ದಿನ ಗೊತ್ತಾಯಿತು. ಮಕ್ಕಳನ್ನು ಬೆಳೆಸುವುದಕ್ಕೆ ಅಷ್ಟು ಸಾಕಾಯಿತು. ಅದಕ್ಕಾಗಿ ನಾನು ಈ ಹೆಂಗಸಿಗೆ ಋಣಿ.

ನಾಲ್ಕನೆಯ ಚಮಚವನ್ನು ಆಗಲೂ ನಾನು ಬಿಟ್ಟಿರಲಿಲ್ಲ. ಅದು ಸತ್ತವರಿಗೆ ಎಡೆಯಿಟ್ಟ ಹಾಗೆ, ಸಭೆಗೆ ಸಲ್ಲದು ಎಂದು ಬಾರ್ಲಿ ಚಹಾ ಕುಡಿದು ಹೋದ ಆ ಹಿರಿಯರು ಆಕ್ಷೇಪಿಸಿದರು. ಸುವಾರ್ತಿಕಮ್ಮ ಜಾಡಿಯ ಮುಚ್ಚಳ ಹಾಕುತ್ತ, "ಹಿರಿಯರೇ, ಆ ಅಕ್ಕಿ ಸತ್ತವರ ಹೊಟ್ಟೆಗೆ ಹೋಗಲ್ಲ. ಹೋದ ವಾರ ನಿಮ್ಮ ತಂಗಿ ಮನೆಗೇ ಹೋಯ್ತು" ಎಂದರು. ಆಮೇಲೆ ಆ ಮಾತು ಏಳಲಿಲ್ಲ.

ಮೂರನೆಯ ವರ್ಷ ಒಂದು ದಿನ, ಅಕ್ಕಿ ತೊಳೆದು ಒಲೆಯ ಮೇಲಿಟ್ಟ ಮೇಲೆ, ಮೂರೇ ಚಮಚ ತೆಗೆದಿದ್ದೇನೆಂದು ಗಮನಕ್ಕೆ ಬಂತು. ಅವನನ್ನು ನನ್ನ ಕೈಯಾರೆ ಮುಳುಗಿಸಿದಂತಾಗಿ, ಅನ್ನ ಒಲೆಯಲ್ಲಿ ಬಿಟ್ಟು ಅವರ ಮನೆಗೆ ಓಡಿದೆ.

"ಮರ್ತೇ ಹೋಯ್ತಾ?" ಎಂದರು. "ಬಿಡು ಹಾಗಾದ್ರೆ, ಮತ್ತೆ ಹಾಕ್ಬೇಡ. ಅದು ನನ್ನ ಪಾಲಿಗಿರಲಿ."

ಸಮಾಧಾನಕ್ಕೆ ಆಡಿದ ಮಾತೆಂದುಕೊಂಡೆ. ಅನ್ನ ಸೀದಿತ್ತು, ಅದನ್ನೇ ಉಂಡೆವು.

ಮುಂದೆ ಅಕ್ಕಿ ಹಂಚುವ ಕೆಲಸದಲ್ಲಿ ಇಪ್ಪತ್ತು ವರ್ಷ ಅವರ ಜೊತೆಯಲ್ಲಿದ್ದೆ. ಚೀಲಗಳನ್ನು ಎತ್ತುವುದು, ಜಾಡಿಗೆ ಸುರಿಯುವುದು ಮಾತ್ರ ಕಡೆಯ ತನಕ ಅವರದೇ. ಈ ಬೇಸಿಗೆಯಲ್ಲಿ ಅಕ್ಕಿಕೋಣೆಯ ಬೀಗದ ಕೈಯನ್ನು ನನಗೊಪ್ಪಿಸಿದರು. ಮೊದಲ ಭಾನುವಾರ ಒಂದೊಂದಾಗಿ ಎತ್ತಿ ನೋಡುತ್ತ, ತಾಕ್ ಎಂದು ಹೊಲಿದ, ಸುವಾರ್ತಿಕಮ್ಮನ ಚೀಲಕ್ಕೆ ಬಂದೆ. ಒಂಟಿ ಹೆಂಗಸು. ಊಟವೋ ಗುಬ್ಬಚ್ಚಿಯಷ್ಟು. ಚೀಲ ಇಬ್ಬರದಾಗಿತ್ತು.

ನೆಟ್ಟಗೆ ಅವರ ಮನೆಗೆ ಹೋಗಿ ಅಂಗಳದಲ್ಲಿ ನಿಂತೆ. "ಸುವಾರ್ತಿಕಮ್ಮ, ಮನೇಲಿ ಇನ್ನೊಂದು ಬಾಯಿ ಇದೆ ಅಲ್ವಾ?"

ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಅವತ್ತೇ ಹೇಳಿದ್ನಲ್ಲೇ, ನನ್ನ ಪಾಲಿಗಿರಲಿ ಅಂತ."

ಸುಮಾರು ಮೂವತ್ತು ವರ್ಷ, ದಿನಕ್ಕೆ ಮೂರು ಹೊತ್ತು, ಅವನ ಚಮಚ. ನಾನು ಗಿಲ್‌ಹೊನನ್ನು ಮರೆತು ನಗುತ್ತಿದ್ದ ದಿನಗಳಲ್ಲೂ. ನಾನು ಅವರ ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಅಳ್ತಾ ಕೂತ್ಕೋಬೇಡ, ಇದ್ರಲ್ಲಿ ಅರ್ಧ ಸುಲಿ" ಎಂದು ಬೆಳ್ಳುಳ್ಳಿಯ ಬುಟ್ಟಿಯನ್ನು ನನ್ನತ್ತ ತಳ್ಳಿದರು.

ಸನ್ಮಾನ್ಯರಿಗೆ ಕರ್ತನು ದೀರ್ಘಾಯುಸ್ಸನ್ನೂ ಗಟ್ಟಿ ಮಂಡಿಗಳನ್ನೂ ಅನುಗ್ರಹಿಸಲಿ. ಮುಂಜಾವದ ಪ್ರಾರ್ಥನೆಯಲ್ಲಿ ಅವರ ಒರಟು ಪ್ರಶ್ನೆಗಳು ಇನ್ನೂ ಬಹುಕಾಲ ಕೇಳಿಬರಲಿ. ಭಾನುವಾರ ಭಾನುವಾರ ಅವರ ಚೀಲ ಇಬ್ಬರ ಭಾರದಲ್ಲೇ ನನ್ನ ಕೈಗೆ ಬರುತ್ತಿರಲಿ. ಹಗುರಾಗಿ ಬಂದ ದಿನ ನಾನು ಸೋಮವಾರದ ತನಕ ಕಾಯುವವಳಲ್ಲ. ಮೆಟ್ಟಿದ ಬಟ್ಟೆಚಪ್ಪಲಿಯಲ್ಲೇ ಓಡಿ ಬರುತ್ತೇನೆ.